ಗಡ್ಡದಜ್ಜನ ಖಾಲಿ ಫ್ರೇಮು

2025ರ ನವೆಂಬರ್ 10, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಕೊಟ್ಟೂರು ಪೊಲೀಸ್ ಠಾಣೆಗೆ ಬಂದ ದೂರು ಅಲ್ಲಿಗೆ ಬರುವ ಉಳಿದ ದೂರುಗಳ ಸಾಲಿಗೆ ಸೇರುವಂಥದ್ದಾಗಿರಲಿಲ್ಲ. ಬೈಕು, ಪಂಪ್‌ಸೆಟ್ಟು, ಕುರಿ, ಕೊರಳಿನ ಸರ ಕಳುವಾಗುವುದು ಅಲ್ಲಿ ಮಾಮೂಲು. ಬೀಜ-ಗೊಬ್ಬರದ ಅಂಗಡಿಯ ಶಿವಯೋಗಪ್ಪನವರು ಕುರ್ಚಿಯ ತುದಿಯಲ್ಲಿ ಕೂತು, ಧೋತರದ ಚುಂಗಿನಿಂದ ಕನ್ನಡಕ ಒರೆಸಿಕೊಂಡು, "ನಮ್ಮ ಮನಿಯಾಗಿಂದ ಗ್ಯಾರಿಬಾಲ್ಡಿನ ಕದ್ದಾರ್ರಿ" ಎಂದರು.

ಹೆಡ್ ಕಾನ್‌ಸ್ಟೆಬಲ್ ಪಾಲಣ್ಣ ಪೆನ್ನಿನ ಮುಚ್ಚಳ ತೆಗೆದು, "ಯಾವ ಕಂಪನಿದ್ರಿ ಅದು?" ಎಂದು ಕೇಳಿದ.

ಶಿವಯೋಗಪ್ಪನವರಿಗೆ ಎಪ್ಪತ್ತೆಂಟು ವರ್ಷ. ಇಂಥ ಪ್ರಶ್ನೆಗಳನ್ನು ನಲವತ್ತು ವರ್ಷದಿಂದ ಕೇಳಿಸಿಕೊಂಡವರು, ಸಿಟ್ಟಾಗಲಿಲ್ಲ. "ಮನುಷ್ಯರಿ. ಇಟಲಿ ದೇಶದಾಂವ. ಆ ದೇಶ ಏಳೆಂಟು ಚೂರಾಗಿತ್ತು. ನಮ್ಮ ಹರಪನಹಳ್ಳಿನ ಒಮ್ಮಿ ಬಳ್ಳಾರಿಗೆ, ಒಮ್ಮಿ ದಾವಣಗೆರೆಗೆ, ಈಗ ವಿಜಯನಗರಕ್ಕ ಹಾಕ್ಯಾರಲ್ಲ, ಹಂಗ. ಅದನ್ನ ಕೂಡಿಸಾಕ ಯುದ್ಧ ಮಾಡಿದಾಂವ. ಗೆದ್ದಮ್ಯಾಲ ಕುರ್ಚಿ ಬ್ಯಾಡ ಅಂದು, ಒಂದು ಚೀಲ ಬೀಜ ತಗೊಂಡು ಹೊಲಕ್ಕ ಹ್ವಾದ ಅಂತಾರ. ಆತನ ಫೋಟೊ. ಕೆಳಗ ಆತನ ಸಹಿ ಐತಿ."

ಒಳಗಿನ ಕೋಣೆಯಿಂದ ಪಿಎಸ್ಐ ಸಮತಾ ಹೊರಗೆ ಬಂದರು. ಹಡಗಲಿಯ ಕಡೆಯವರು, ಕೊಟ್ಟೂರಿಗೆ ಬಂದು ಇನ್ನೂ ತಿಂಗಳು ಕಳೆದಿರಲಿಲ್ಲ.

"ಯಾವಾಗ ಗೊತ್ತಾತು?"

"ಇವತ್ತ ಮುಂಜಾನೆ. ನಮ್ಮನಿಯಾಕಿ ವಿಭೂತಿ ಹಚ್ಚಾಕ ಮ್ಯಾಲ ಹೋಗಿದ್ಲು. ಗ್ವಾಡಿ ಮ್ಯಾಲ ಬರೀ ಮೊಳಿ ಇತ್ತು."

"ಗ್ಯಾರಿಬಾಲ್ಡಿಗೆ ವಿಭೂತಿ ಯಾಕ್ರಿ?"

"ಆಕಿನ್ನ ಕೇಳಬೇಕ್ರಿ."

"ನಿನ್ನೆ ಎಲ್ಲಿದ್ರಿ?"

"ಎಲ್ಲಾರೂ ಹರಪನಹಳ್ಳಿಗೆ ಮದುವಿಗೆ ಹೋಗಿದ್ವಿ. ಬಂದಾಗ ಕತ್ತಲಾಗಿತ್ತು."

"ಕಿಮ್ಮತ್ತು ಏನು ಬರೀಲಿ?"

"ಏನರ ಬರ್ಕೊಳ್ರಿ. ಶುಕ್ರವಾರದೊಳಗ ಹುಡುಕಿ ಕೊಡ್ರಿ ಅಷ್ಟ."

ಶುಕ್ರವಾರದ ವಿಷಯ ಇಷ್ಟು. ಶಿವಯೋಗಪ್ಪನವರು ಹರೆಯದಲ್ಲಿ ಚರಿತ್ರೆ ಓದಬೇಕೆಂದು ಆಸೆಪಟ್ಟವರು. ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ. ಕೂತಲ್ಲಿಂದಲೇ ಅವರು ರೋಮಿನ ಹಳೆ ಕಾಗದದ ವ್ಯಾಪಾರಿಯೊಬ್ಬನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದರು, ಉತ್ತರವೂ ಬಂತು. ಅಲ್ಲಿಂದ ಹತ್ತಿದ ಹುಚ್ಚು ಬಿಡಲಿಲ್ಲ. ಕ್ರಾಂತಿಕಾರಿ ಮ್ಯಾಜಿನಿಯ ಪತ್ರ, ಸಂಗೀತಗಾರ ವರ್ದಿಯ ಸಹಿ, ರೇಡಿಯೊದ ಮಾರ್ಕೋನಿಯ ನಾಲ್ಕು ಸಾಲು, ಹೀಗೆ ಒಂದೊಂದಾಗಿ ಅಂಚೆಯಲ್ಲಿ ಬಂದು ಮಾಳಿಗೆಯ ಕೋಣೆಯ ಗೋಡೆ ಏರಿದವು. ಊರಿನವರು ಅದಕ್ಕೆ ಇಟಲಿ ಕೋಣೆ ಎಂದು ಹೆಸರಿಟ್ಟು ಬೆನ್ನ ಹಿಂದೆ ನಕ್ಕರು. ಈಗ ಊರಿನದೇ ಒಂದು ಕಾಲೇಜು ಅವುಗಳಿಗಾಗಿ ಒಂದು ಕೋಣೆ ಖಾಲಿ ಮಾಡಿಕೊಟ್ಟಿತ್ತು. ಶುಕ್ರವಾರ ಮೈಸೂರಿನಿಂದ ತಜ್ಞರೊಬ್ಬರು ಬಂದು, ಎಲ್ಲರೆದುರು ಒಂದೊಂದೇ ಫ್ರೇಮು ಬಿಚ್ಚಿ ಪರೀಕ್ಷಿಸಿ, ಕಾಲೇಜಿಗೆ ಒಪ್ಪಿಸುವವರಿದ್ದರು. ಮೊದಲು ಬಿಚ್ಚಬೇಕಾದದ್ದು ಗ್ಯಾರಿಬಾಲ್ಡಿ. ನಕ್ಕವರ ಮುಂದೆ ಒಂದು ದಿನ ತಲೆಯೆತ್ತಿ ನಿಲ್ಲಬೇಕೆನ್ನುವುದು ಆ ಮುದುಕರಿಗೆ ಉಳಿದಿದ್ದ ಒಂದೇ ಆಸೆ.

"ಆ ಫೋಟೊದಾಗಿನ ಗಡ್ಡದಜ್ಜ ಇಲ್ಲದ ಉಳಿದವನ್ನ ನಾ ಕೊಡಾಂಗಿಲ್ರಿ" ಎಂದರು. ದೂರಿನ ಕೆಳಗೆ ಸಹಿ ಮಾಡಿದರು.

ಭಾರತೀಯ ನ್ಯಾಯ ಸಂಹಿತೆಯ ಕಲಂ 331(3) ಮತ್ತು 305ರ ಅಡಿ, ಮನೆ ಹೊಕ್ಕು ಮಾಡಿದ ಕಳವೆಂದು ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಮುಂಬಾಗಿಲ ಬೀಗ ಮುರಿದಿರಲಿಲ್ಲ. ಹಿತ್ತಲ ಬಾಗಿಲ ಚಿಲಕ ಮಾತ್ರ ಸಂದಿನಲ್ಲಿ ಕಡ್ಡಿ ತೂರಿಸಿ ಎತ್ತಿದರೆ ತೆರೆಯುವಂಥದ್ದು. ಇಟಲಿ ಕೋಣೆಯಲ್ಲಿ ಉಳಿದ ಫ್ರೇಮುಗಳು ಒಂದೂ ಅಲುಗಿರಲಿಲ್ಲ. ಗೂಡಿನಲ್ಲಿದ್ದ ಬೆಳ್ಳಿ ದೀಪ ಹಾಗೇ ಇತ್ತು. ಖಾಲಿ ಮೊಳೆಯ ಕೆಳಗೆ ನೆಲದ ಮೇಲೆ ಚಿಟಿಕೆ ವಿಭೂತಿ ಉದುರಿತ್ತು, ಒಣಗಿದ ಕಣಗಿಲೆ ಹೂ ಒಂದು ಬಿದ್ದಿತ್ತು. ಹೊಸಪೇಟೆಯಿಂದ ಬಂದ ಬೆರಳಚ್ಚಿನವರು ಪುಡಿ ಹಚ್ಚಿ, ಬ್ರಶ್ ಆಡಿಸಿ, ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲವೆಂದು ಹೊರಟುಹೋದರು.

ವಿಭೂತಿಯ ಕತೆಯನ್ನು ಶಿವಯೋಗಪ್ಪನವರ ಹೆಂಡತಿ ನಾಗಲಿಂಗಮ್ಮ ಹೇಳಿದರು. "ಫೋಟೊ ಬಂದಾಗ ನೋಡಿದ್ನೆವ್ವಾ, ಎದಿತನ ಬಿಳಿ ಗಡ್ಡ, ಶಾಂತ ಕಣ್ಣು. ಯಾವ್ದೋ ಮಠದ ಅಜ್ಜಾರು ಅಂತ ತಿಳಕೊಂಡು ವಿಭೂತಿ ಹಚ್ಚಿದೆ. ಯುದ್ಧ ಮಾಡಿದಾಂವ ಅಂತ ಇವರು ನಕ್ರು. ಬಿಡಬೇಕಂದ್ರ ಮನಸ್ ಬರಲಿಲ್ಲ. ಸೋಮವಾರಕ್ಕೊಮ್ಮಿ ಗಾಜಿನ ಮ್ಯಾಲ ಮೂರು ಬೆರಳು ಎಳೀತೀನಿ."

"ಫೋಟೊ ಬೇಕಂತ ಯಾರಾದ್ರೂ ಬೆನ್ನು ಹತ್ತಿದ್ರೇನು?" ಸಮತಾ ಶಿವಯೋಗಪ್ಪನವರನ್ನು ಕೇಳಿದರು.

"ಬೆಂಗಳೂರಿನ ಪ್ರಬುದ್ಧ ಅನ್ನಾಂವ. ಹಳೆ ಪತ್ರದ ವ್ಯಾಪಾರ. ಎರಡು ಸಲ ಬಂದು ಕೇಳಿದ. ಕೊಡಲಿಲ್ಲ."

"ಶುಕ್ರವಾರದ ಸುದ್ದಿ ಯಾರ್‍ಯಾರಿಗೆ ಹೇಳಿದ್ರಿ?"

"ಸಿಕ್ಕವರಿಗೆಲ್ಲ ಹೇಳೀನ್ರಿ."

ಮಂಗಳವಾರ ಪೂರ್ತಿ ಪ್ರಬುದ್ಧನ ಹಿಂದೆ ಹೋಯಿತು. ಭಾನುವಾರ ಅವನು ಚೆನ್ನೈನ ಪ್ರದರ್ಶನವೊಂದರಲ್ಲಿ ಮಳಿಗೆ ಹಾಕಿದ್ದ. ಮೊಬೈಲ್ ವಿವರವೂ ಅದನ್ನೇ ಹೇಳಿತು, ಅಕ್ಕಪಕ್ಕದ ಮಳಿಗೆಯವರೂ ಅದನ್ನೇ ಹೇಳಿದರು. ಫೋನಿನಲ್ಲಿ ಅವನು ಸ್ವಲ್ಪ ಉರಿದೇ ಮಾತಾಡಿದ. "ಮೇಡಂ, ಕದಿಯೋನಾಗಿದ್ರೆ ಪಕ್ಕದಲ್ಲೇ ಇರೋ ಮ್ಯಾಜಿನಿ ಪತ್ರ ಕದೀತಿದ್ದೆ. ಪುಟ ತುಂಬ ಕೈಬರಹ ಇರೋದನ್ನ ಬಿಟ್ಟು ಬರೀ ಸಹಿ ಇರೋ ಫೋಟೊ ಯಾವ ವ್ಯಾಪಾರಿ ಎತ್ಕೊಂಡು ಹೋಗ್ತಾನೆ?"

ಮಾತು ಸರಿ ಇತ್ತು. ಕದ್ದವನಿಗೆ ಬೇಕಾದದ್ದು ಇಟಲಿಯ ಹಳೆ ಕಾಗದವಲ್ಲ, ಆ ಒಂದು ಫೋಟೊ ಮಾತ್ರ. ಯಾಕೆ ಎಂಬಲ್ಲಿಗೆ ಬಂದು ತನಿಖೆ ನಿಂತಿತು. ಫ್ರೇಮು ದೊಡ್ಡದು, ಊರಿಗೆಲ್ಲ ಗುರುತಿನದು, ಅದನ್ನು ಬಿಸಾಕಿರಬೇಕೆಂದು ಪಾಲಣ್ಣ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಕರೆದುಕೊಂಡು ಕೊಟ್ಟೂರಿನ ಚರಂಡಿ, ತಿಪ್ಪೆ, ಹಾಳುಬಾವಿ ಎಲ್ಲವನ್ನೂ ಹುಡುಕಿ, ವಾಸನೆ ಹೊತ್ತು ಠಾಣೆಗೆ ಬಂದ. ಸಮತಾ ಅವನನ್ನು ಬಾಗಿಲ ಹೊರಗೇ ನಿಲ್ಲಿಸಿ ವರದಿ ಕೇಳಿದರು.

ಬುಧವಾರ ಸಮತಾ ಮತ್ತು ಪಾಲಣ್ಣ ಬೇರೆ ಪ್ರಕರಣವೊಂದರ ಸಾಕ್ಷಿಗೆ ಕೂಡ್ಲಿಗಿ ನ್ಯಾಯಾಲಯಕ್ಕೆ ಹೋಗಿದ್ದರು. ವಾಪಸು ಬರುವಾಗ ಜೀಪಿನ ಹಿಂದೆ ಎಂದಿನಂತೆ ಏನೋ ಗಡಗಡ ಎನ್ನುತ್ತಿತ್ತು. ಅದು ಸಮತಾ ಅವರ ಮನೆಯ ವೀರಭದ್ರ ದೇವರ ಫೋಟೊ. ಕ್ವಾರ್ಟರ್ಸಿಗೆ ಸಾಮಾನು ಇಳಿಸುವಾಗ ಗಾಜು ಒಡೆದಿತ್ತು. ಒಡೆದ ಗಾಜಿನ ದೇವರನ್ನು ಮನೆಯಲ್ಲಿ ಇಡಬಾರದೆಂದು ಅತ್ತೆ ಜೀಪಿಗೆ ಹಾಕಿ ಕಳಿಸಿದ್ದರು.

"ಇದನ್ನ ಎಲ್ಲೆರ ಇಳಿಸೋ ಪಾಲಣ್ಣ. ತಲಿ ತಿನ್ನಾಕ್ಹತ್ತೇತಿ."

"ಎಲ್ಲೆರ ಇಳಸಾಕ ಬರಾಂಗಿಲ್ರಿ ಮೇಡಂ. ಪೂಜಿ ಮಾಡಿದ್ದು. ಅರಳಿ ಗಿಡದ ಕಟ್ಟಿ ಮ್ಯಾಲ ಇಡಬೇಕು. ನಾನ ಇಡ್ತೀನಿ ಅಂದ್ನಲ್ಲ."

ಸಮತಾ ತಿರುಗಿ ಹಿಂದಿದ್ದ ಫೋಟೊ ನೋಡಿದರು. ಆಮೇಲೆ ಜೀಪು ನಿಲ್ಲಿಸಲು ಹೇಳಿದರು.

"ಆ ಫ್ರೇಮಿನ ಮ್ಯಾಲೂ ವಿಭೂತಿ ಇತ್ತಲ್ಲ?"

"ಇತ್ರಿ."

"ನೀ ಕದ್ದಿದ್ರ ಅದನ್ನ ಚರಂಡಿಗೆ ಹಾಕ್ತಿದ್ದೇನು?"

ಪಾಲಣ್ಣನಿಗೆ ಪ್ರಶ್ನೆಯೇ ಹಿಡಿಸಲಿಲ್ಲ. "ಛೆ. ನಾ ಯಾಕ ಕದೀಲ್ರಿ" ಎಂದ. ಆಮೇಲೆ ತಾನೇ, "ಚರಂಡಿಗಂತೂ ಹಾಕ್ತಿರಲಿಲ್ಲ ಬಿಡ್ರಿ" ಎಂದು ಸೇರಿಸಿದ.

ಎರಡು ದಿನ ತಾವು ಹುಡುಕಿದ್ದು ಕಳ್ಳ ಬಿಸಾಕಿದ್ದನ್ನು. ಅವನು ಬಿಸಾಕಿರಲಿಕ್ಕಿಲ್ಲ, ಇಟ್ಟಿರಬೇಕು. ಈ ಸೀಮೆಯಲ್ಲಿ ಪೂಜೆಗೊಂಡ ಫೋಟೊ ಹಳತಾದರೆ, ಒಡೆದರೆ, ಊರ ಅರಳಿಕಟ್ಟೆಯ ಮೇಲಿಟ್ಟು ಕೈಮುಗಿದು ಬರುವುದು ಎಲ್ಲರೂ ಮಾಡುವ ಕೆಲಸ. ಸಮತಾ ಅವರಿಗೆ ಇದು ಸೋಮವಾರವೇ ಹೊಳೆಯಬೇಕಿತ್ತು. ದೇವರೇ ಮೂರು ವಾರದಿಂದ ಬೆನ್ನ ಹಿಂದೆ ಗಡಗಡಿಸುತ್ತಿದ್ದರೂ ಹೊಳೆದಿರಲಿಲ್ಲವೆಂದು ತಮ್ಮ ಮೇಲೆಯೇ ಸಿಟ್ಟು ಬಂತು.

ಕೊಟ್ಟೂರಿನ ಕಟ್ಟೆಗಳಲ್ಲಿ ಸಿಗಲಿಲ್ಲ. ಕೂಡ್ಲಿಗಿ ರಸ್ತೆಯ ಊರುಗಳಲ್ಲೂ ಸಿಗಲಿಲ್ಲ. ಹಗರಿಬೊಮ್ಮನಹಳ್ಳಿ ರಸ್ತೆ ಹಿಡಿದರು. ಪ್ರತಿ ಕಟ್ಟೆಯ ಮೇಲೂ ಬಣ್ಣ ಹೋದ ಲಕ್ಷ್ಮಿ, ಸರಸ್ವತಿ, ಹಳೆ ಕ್ಯಾಲೆಂಡರಿನ ಶಿವ. ಪಾಲಣ್ಣ ಒಂದೊಂದಕ್ಕೂ ಕೈಮುಗಿದೇ ಸರಿಸಿ ನೋಡುತ್ತಿದ್ದುದರಿಂದ ಕೆಲಸ ನಿಧಾನವಾಯಿತು. ಸಂಜೆ ನಾಲ್ಕರ ಸುಮಾರಿಗೆ, ರಸ್ತೆ ಬದಿಯ ಸಣ್ಣ ಊರೊಂದರ ಕಟ್ಟೆಯಲ್ಲಿ, ಅರಳಿಮರದ ಬೊಡ್ಡೆಗೆ ಒರಗಿಸಿಟ್ಟ ತೇಗದ ಫ್ರೇಮು ಸಿಕ್ಕಿತು. ಗಾಜು ಒಡೆದಿರಲಿಲ್ಲ. ಗಾಜಿನ ಮೇಲೆ ವಿಭೂತಿಯ ಮೂರು ಎಳೆ ಹಾಗೇ ಇದ್ದವು, ಹಿಂದೆ ಫೋಟೊ ಮಾತ್ರ ಇರಲಿಲ್ಲ.

ಕಟ್ಟೆಯ ಎದುರು ಹೊನ್ನೂರಮ್ಮ ಎಂಬಾಕೆ ಮಂಡಕ್ಕಿ, ಮೆಣಸಿನಕಾಯಿ ಬಜಿ ಮಾರುತ್ತಿದ್ದಳು.

"ಇದನ್ನ ಯಾರು ಇಟ್ರು?"

"ಒಬ್ಬಾಂವ್ರಿ. ಐತಾರ ಮಧ್ಯಾಹ್ನ. ಬೈಕಿನ್ಯಾಗ ಬಂದಿದ್ದ."

"ನೋಡಿದ್ರ ಗುರುತು ಹಿಡೀತೀಯಾ?"

"ಹಿಡೀತೀನ್ರಿ. ಭಾಳ ಹೊತ್ತು ಕುಂತಿದ್ದ."

"ಕುಂತು ಏನ್ ಮಾಡಿದ?"

"ಚಪ್ಲಿ ಬಿಟ್ಟು ಕಟ್ಟಿ ಹತ್ತಿದ. ಬ್ಯಾಗಿನ್ಯಾಗಿಂದ ಇಕ್ಕಳ ತಗದು ಹಿಂದಿಂದು ಬಿಚ್ಚಿದ. ಬಿಚ್ಚಿ ಒಳಗಿಂದು ನೋಡಿದಾಂವ ಹಂಗ ಕುಂತುಬಿಟ್ಟ, ಯಾರರ ಸತ್ತ ಸುದ್ದಿ ಬಂದಂಗ. ನೀರು ಬೇಕೇನಪ್ಪಾ ಅಂದೆ. ಮಾತಾಡಲಿಲ್ಲ. ಆಮ್ಯಾಲ ಅದನ್ನ ಗಿಡಕ್ಕ ಒರಗಿಸಿ ಕೈ ಮುಗದು ಹ್ವಾದ."

"ಯಾರಿಗೂ ಹೇಳಲಿಲ್ಲೇನು?"

"ಏನಂತ ಹೇಳ್ಲೆವ್ವಾ? ಎಲ್ಲಾರೂ ಇಡ್ತಾರ."

ಊರಿನ ಇಬ್ಬರನ್ನು ಪಂಚರನ್ನಾಗಿ ಕರೆದು ಜಪ್ತಿ ಪಂಚನಾಮೆ ಬರೆಸಲಾಯಿತು. ಬರೆಸುವಾಗ ಸಮತಾ ಫ್ರೇಮಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಂದು ಕಾಗದವನ್ನು ಅಂಚಿಗುಂಟ ಬ್ಲೇಡಿನಿಂದ ನೇರ ಕೊಯ್ದಿತ್ತು. ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಅದೇ ತೂತುಗಳಿಗೆ ಬೆರಳಿನಿಂದ ಒತ್ತಿ ಸಿಗಿಸಿತ್ತು. ಬರೀ ಕದಿಯಲು ಬಂದವನು ಗಾಜು ಒಡೆದು ಎಳೆದುಕೊಳ್ಳುತ್ತಾನೆ. ಕಿತ್ತ ಮೊಳೆಯನ್ನು ತೂತಿಗೆ ವಾಪಸು ಸಿಗಿಸುವುದು ದಿನಾ ಅದೇ ಕೆಲಸ ಮಾಡುವವನ ಕೈ.

ಅಂದೇ ಸಂಜೆ ಶಿವಯೋಗಪ್ಪನವರು ಫ್ರೇಮು ಗುರುತಿಸಿದರು. ಖಾಲಿ ಗಾಜಿನ ಹಿಂದೆ ಕೈಯಿಟ್ಟು ಸವರಿ ನೋಡಿದರು.

"ಇದನ್ನ ಕಟ್ಟಿದ್ದು ಯಾರು?"

"ಹಗರಿಬೊಮ್ಮನಹಳ್ಳಿ ಬೊಮ್ಮಪ್ಪ. ಫೋಟೊ ಸ್ಟುಡಿಯೊ, ಫ್ರೇಮಿನ ಕೆಲಸ. ನನ್ನ ಜೋಡಿ ಓದಿದಾಂವ. ತೀರಿಕೊಂಡು ಐದು ವರ್ಷಾತು."

"ನಿಮ್ಮ ಮನಿಗೆ ಬರ್ತಿದ್ರಾ?"

"ವಾರಕ್ಕೊಮ್ಮಿ ಬರ್ತಿದ್ದ. ಈ ಅಜ್ಜನ್ನ ಕಟ್ಟಿ ಕೊಟ್ಟಮ್ಯಾಲ ಮಾತ್ರ ಮಾಳಿಗಿ ಹತ್ತಲಿಲ್ಲ ನೋಡ್ರಿ. ಎಷ್ಟು ಕರದ್ರೂ ಮೊಣಕಾಲು ನೋವು ಅಂತಿದ್ದ."

"ಈಗ ಅಂಗಡಿ ಯಾರು ನಡಸ್ತಾರ?"

"ಮಗ ಶ್ರೀನಾಥ. ನಮ್ಮ ಹಿತ್ತಲದಾಗ ಆಡಿ ಬೆಳದ ಹುಡುಗ."

"ಹಿತ್ತಲ ಬಾಗಿಲ ಚಿಲಕ ಅವನಿಗೆ ಗೊತ್ತೇನು?"

ಶಿವಯೋಗಪ್ಪನವರು ಫ್ರೇಮಿನಿಂದ ಕೈ ತೆಗೆದರು. "ಶುಕ್ರವಾರ ತಪ್ಪಿಸಬ್ಯಾಡೋ, ನಿಮ್ಮಪ್ಪ ಕಟ್ಟಿದ ಫ್ರೇಮ ಮೊದಲ ಬಿಚ್ಚತಾರ ಅಂತ ನಾನ ಫೋನ್ ಮಾಡಿ ಕರದಿದ್ದೆ. ಐತಾರ ಮದುವಿಗೆ ಹೊಂಟೀವಿ ಅಂತಾನೂ ಹೇಳಿದ್ದೆ" ಎಂದರು. ಆಮೇಲೆ, "ಅವನಲ್ಲರಿ ಮೇಡಂ" ಎಂದು ಎರಡು ಸಲ ಹೇಳಿದರು.

ನವೆಂಬರ್ 13, ಗುರುವಾರ, ಬೆಳಿಗ್ಗೆ ಹನ್ನೊಂದು. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಹತ್ತಿರದ ಸ್ಟುಡಿಯೊ ಎದುರು ಜೀಪು ನಿಂತಿತು. ಒಳಗೆ ಮದುವೆ ಜೋಡಿಗಳ ಫೋಟೊ, ಮೂಲೆಯಲ್ಲಿ ಕೋಲುಗಳ ಹಾಗೆ ನಿಲ್ಲಿಸಿದ ಫ್ರೇಮಿನ ಪಟ್ಟಿಗಳು. ಎದುರು ಗೋಡೆಯಲ್ಲಿ ಬೊಮ್ಮಪ್ಪನ ಭಾವಚಿತ್ರಕ್ಕೆ ಗಂಧದ ಹಾರ. ಶ್ರೀನಾಥನಿಗೆ ನಲವತ್ತರ ಆಸುಪಾಸು, ಗಡ್ಡ ಬೋಳಿಸಿ ಮೂರು ದಿನವಾದ ಮುಖ. ಖಾಕಿ ಕಂಡು ಎದ್ದು ನಿಂತ.

ಸಮತಾ ಏನೂ ಕೇಳಲಿಲ್ಲ. ವೀರಭದ್ರ ದೇವರ ಫೋಟೊವನ್ನು ಮೇಜಿನ ಮೇಲಿಟ್ಟರು. "ಗಾಜು ಒಡದೈತಿ. ಹೊಸಾದು ಹಾಕ್ರಿ."

ಶ್ರೀನಾಥನಿಗೆ ಉಸಿರು ಬಂದಂತಾಯಿತು. ಫೋಟೊ ಬೋರಲು ಹಾಕಿ, ಹಿಂದಿನ ಕಾಗದವನ್ನು ಅಂಚಿಗುಂಟ ಬ್ಲೇಡಿನಿಂದ ಕೊಯ್ದ. ಇಕ್ಕಳದಿಂದ ಮೊಳೆ ಕಿತ್ತ. ಕಿತ್ತ ಪ್ರತಿ ಮೊಳೆಯನ್ನೂ ಅದೇ ತೂತಿಗೆ ಓರೆಯಾಗಿ ಸಿಗಿಸುತ್ತ ಹೋದ.

"ಮೊಳಿ ಯಾಕ ವಾಪಸ್ ಸಿಗಸ್ತೀರಿ?" ಸಮತಾ ಕೇಳಿದರು.

"ಕೆಳಗ ಬಿದ್ರ ಕಾಲಿಗೆ ಚುಚ್ಚತಾವ್ರಿ. ನಮ್ಮಪ್ಪ ಕಲಿಸಿದ್ದು."

ಪಾಲಣ್ಣ ಜೀಪಿನಿಂದ ತೇಗದ ಖಾಲಿ ಫ್ರೇಮು ತಂದು ವೀರಭದ್ರನ ಪಕ್ಕದಲ್ಲಿ ಬೋರಲು ಇಟ್ಟ. ಎರಡರ ಬೆನ್ನೂ ಒಂದೇ ಥರ ಇದ್ದವು. ಶ್ರೀನಾಥ ಇಕ್ಕಳ ಕೆಳಗಿಟ್ಟ.

"ಐತಾರ ಎಲ್ಲಿದ್ರಿ?"

ಅವನು ಖಾಲಿ ಫ್ರೇಮು ತಿರುಗಿಸಿ ಗಾಜಿನ ಮೇಲಿನ ವಿಭೂತಿ ನೋಡಿದ.

"ಇದನ್ನ ಕಟ್ಟಿ ಮ್ಯಾಲ ಯಾಕ ಇಟ್ರಿ? ದಾರ್‍ಯಾಗ ಹಳ್ಳ ಇದ್ವು."

"ನಾಗಲಿಂಗಮ್ಮ ವಿಭೂತಿ ಹಚ್ಚಿದ್ದು" ಎಂದ ಶ್ರೀನಾಥ. "ಹಳ್ಳಕ್ಕ ಒಗಿಯಾಕ ಕೈ ಬರಲಿಲ್ರಿ."

"ಒಳಗಿನ ಫೋಟೊ ಎಲ್ಲೈತಿ?"

ಅವನು ಸ್ಟೂಲು ಹತ್ತಿ ಅಪ್ಪನ ಭಾವಚಿತ್ರ ಇಳಿಸಿದ. ಹಾರ ತೆಗೆದು ಪಕ್ಕಕ್ಕಿಟ್ಟು, ಮೊಳೆ ಕಿತ್ತ. ಕೈ ತಂತಾನೇ ಮೊಳೆಗಳನ್ನು ತೂತಿಗೆ ಸಿಗಿಸಿತು. ಬೊಮ್ಮಪ್ಪನ ಚಿತ್ರದ ಹಿಂದಿನಿಂದ ಒಂದು ಫೋಟೊ ಬಂತು. ಅದರ ಹಿಂದೆ ಇನ್ನೊಂದು ಬಂತು.

ಪಾಲಣ್ಣ ಬಾಗಿ ನೋಡಿದ. "ಎರಡದಾವಲ್ರಿ ಮೇಡಂ" ಎಂದ.

ಮೊದಲನೆಯದರಲ್ಲಿ ಬಿಳಿ ಗಡ್ಡ, ಶಾಂತ ಕಣ್ಣು, ಕೆಳಗೆ ಸಹಿ, ಎಲ್ಲ ಇತ್ತು. ಎರಡನೆಯದು ಅದಕ್ಕಿಂತ ತೆಳು, ಹಳದಿ. ಮುಖ ಇರಬೇಕಾದ ಜಾಗದಲ್ಲಿ ಪದರು ಕಿತ್ತು ಹೋಗಿ ಬರೀ ಕಾಗದ ಕಾಣುತ್ತಿತ್ತು, ಒದ್ದೆ ಹತ್ತಿ ತಿಕ್ಕಿದ ಗೆರೆಗಳು ಹಾಗೇ ಇದ್ದವು. ಕೆಳಗಿನ ಸಹಿಗೆ ಮಾತ್ರ ಏನೂ ಆಗಿರಲಿಲ್ಲ.

"ಹೇಳ್ರಿ" ಎಂದರು ಸಮತಾ.

"ಅಪ್ಪ ಸಾಯೋ ಮುಂದ ಒಂದ ಮಾತು ಹೇಳಿದ್ದ. ಶಿವಯೋಗಪ್ಪಗೌಡ್ರ ಮನಿಯಾಗಿನ ಅಜ್ಜ ಖರೇದಲ್ಲ, ನಾ ಮಾಡಿದ್ದು ಅಂತ. ಮುಂದ ಮಾತು ಬರಲಿಲ್ಲ. ಹಂಗಾರ ಖರೇದು ಏನಾತು? ಎಲ್ಲೋ ಮಾರಿಕೊಂಡಾನ ಅಂತ ತಿಳಕೊಂಡೆ. ಐದು ವರ್ಷ ಈ ಹಾರ ಬದಲಿ ಮಾಡೋ ಮುಂದೆಲ್ಲ, ನಮ್ಮಪ್ಪ ಗೆಳೆಯನ ಮನಿ ಕದ್ದಾಂವ ಅಂತ ಅನಸ್ತಿತ್ರಿ."

"ಶುಕ್ರವಾರ ಎಲ್ಲಾರ ಮುಂದ ಬಿಚ್ಚತಾರ ಅಂತ ಗೊತ್ತಾತು."

"ಹ್ಞೂಂರಿ. ಅಪ್ಪನ ಹೆಸರು ಹೋಗ್ತೈತಿ, ಗೌಡ್ರ ಮುಖಾನೂ ಹೋಗ್ತೈತಿ. ಫೋಟೊನ ಇಲ್ಲಂದ್ರ ಯಾರಿಗೂ ಏನೂ ಗೊತ್ತಾಗಾಂಗಿಲ್ಲ ಅಂದ್ಕೊಂಡು ತಂದೆ. ಕಟ್ಟಿ ಮ್ಯಾಲ ಕುಂತು ಬಿಚ್ಚಿದೆ." ಅವನು ಮುಖವಿಲ್ಲದ ಫೋಟೊ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ. "ಖರೇದು ಹಿಂದ ಇತ್ತು. ಅಪ್ಪ ಬೂಸಲಿನ ಕಲೆ ತಗಿಯಾಕ ಹೋಗಿ ಕೆಡಿಸ್ಯಾನ್ರಿ, ನೋಡಿದ್ರ ಗೊತ್ತಾಗ್ತೈತಿ. ಕೆಲಸ ಹಿಡಿಯೋಕ ಮೊದಲು ಒಂದು ಫೋಟೊ ಹೊಡಕೊಳ್ಳೋದು ಆತನ ರೂಢಿ, ಅಂಜಿಕೊಂಡು ಅದರಿಂದ ನಕಲು ಮಾಡಿ ಮುಂದಿಟ್ಟಾನ. ಖರೇದನ್ನ ಒಗದಿಲ್ಲ, ಮಾರಿಲ್ಲ. ಅವರ ವಸ್ತು ಅವರ ಮನಿಗೇ ಕೊಟ್ಟಾನ."

"ಅಷ್ಟು ಗೊತ್ತಾದಮ್ಯಾಲ ವಾಪಸ್ ಯಾಕ ಇಡಲಿಲ್ಲ?"

"ಇಟ್ಟಿದ್ರ ಬಿಚ್ಚತಿದ್ರಲ್ರಿ. ನಾ ಹೋಗಿ ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ."

ಪಂಚರ ಎದುರು ಎರಡೂ ಫೋಟೊ ಜಪ್ತಿಯಾದವು. ಆರೋಪಿಯ ಸ್ವಇಚ್ಛಾ ಹೇಳಿಕೆ ದಾಖಲಿಸಿಕೊಂಡು, ಮಧ್ಯಾಹ್ನ 1.15ಕ್ಕೆ ಬಂಧಿಸಿ ಅವನ ಹೆಂಡತಿಗೆ ತಿಳಿಸಲಾಯಿತು. ಹೊರಡುವ ಮೊದಲು ಶ್ರೀನಾಥ ವೀರಭದ್ರ ದೇವರಿಗೆ ಹೊಸ ಗಾಜು ಕೂರಿಸಿ ಮೊಳೆ ಹೊಡೆದುಕೊಟ್ಟ.

ಕೊಟ್ಟೂರು ಠಾಣೆಯಲ್ಲಿ ಶಿವಯೋಗಪ್ಪನವರು, ನಾಗಲಿಂಗಮ್ಮ ಇಬ್ಬರೂ ಕಾದಿದ್ದರು. ಸಮತಾ ನಡೆದದ್ದನ್ನು ಹೇಳಿ, ಎರಡೂ ಫೋಟೊಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಶಿವಯೋಗಪ್ಪನವರು ಕನ್ನಡಕ ಒರೆಸಿಕೊಂಡು ಮುಖವಿಲ್ಲದ ಫೋಟೊವನ್ನೇ ನೋಡಿದರು. ಅವರ ಕಣ್ಣು ತುಂಬಿಕೊಂಡಿತು. ಗ್ಯಾರಿಬಾಲ್ಡಿಗಾಗಿಯೋ ಬೊಮ್ಮಪ್ಪನಿಗಾಗಿಯೋ ಅವರಿಗೇ ತಿಳಿದಿರಲಿಕ್ಕಿಲ್ಲ.

"ಮೊಣಕಾಲು ನೋವು ಅಂತಿದ್ದ" ಎಂದರು. ಆಮೇಲೆ ಬೆಂಚಿನ ಮೇಲಿದ್ದ ಶ್ರೀನಾಥನ ಕಡೆ ತಿರುಗಿದರು. "ನಿಮ್ಮಪ್ಪ ಅವತ್ತ ಬಂದು ಹೇಳಿದ್ರ ಒಂದಿನ ಬೈತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಮೂರನೇ ದಿನ ನಾನ ಕರಸಿ ಚಾ ಕುಡಸ್ತಿದ್ದೆ. ಅಷ್ಟಕ್ಕ ಸಾಯೋತನ ಅಂಜಿಕೊಂಡು ಬದುಕಿದ್ನಲ್ಲೋ. ನೀನೂ ಅದನ್ನ ಮಾಡಿದಿ."

ಅವರು ಸಮತಾ ಅವರ ಕಡೆ ತಿರುಗಿದರು.

"ಕೇಸು ವಾಪಸ್ ತಗೋತೀನ್ರಿ ಮೇಡಂ."

"ನಿಮ್ಮ ಕೈಯಾಗೂ ಇಲ್ರಿ, ನನ್ನ ಕೈಯಾಗೂ ಇಲ್ಲ. ಹೇಳೋದು ಕೋರ್ಟಿನ್ಯಾಗ ಹೇಳ್ರಿ. ಫೋಟೊ ಬಿಡಿಸಿಕೊಳ್ಳಾಕ ಅಲ್ಲೇ ಅರ್ಜಿ ಹಾಕ್ರಿ. ನಾಳಿಗಂತೂ ಸಿಗಾಂಗಿಲ್ಲ."

"ಆಗಲಿ. ಉಳಿದವನ್ನ ನಾಳೆ ಕೊಡ್ತೀನಿ. ಇದರ ಮೊಳಿ ಖಾಲಿ ಇರ್ಲಿ. ಯಾಕಂತ ಕೇಳಿದವರಿಗೆ ಇದ್ದದ್ದು ಇದ್ದಂಗ ಹೇಳ್ತೀನಿ."

ನಾಗಲಿಂಗಮ್ಮ ಮುಖವಿಲ್ಲದ ಫೋಟೊ ತೋರಿಸಿ, "ಬಿಡಿಸಿಕೊಂಡು ಬಂದಮ್ಯಾಲ ಇದನ್ನ ಮುಂದ ಹಾಕಿಸ್ರಿ" ಎಂದರು. "ಇಷ್ಟು ವರ್ಷ ಪಾಪ, ಹಿಂದ ಕುಂತಿತ್ತು."

ಅವರು ಹೋದ ಮೇಲೆ ಸಮತಾ ಕೇಸ್ ಡೈರಿ ಬರೆಯಲು ಕೂತರು. ಸಂಜೆಯೊಳಗೆ ಆರೋಪಿಯನ್ನು ಕೂಡ್ಲಿಗಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಪಾಲಣ್ಣ ಜೀಪು ತಿರುಗಿಸಿ ನಿಲ್ಲಿಸಿದ. ಏಳುವ ಮುಂಚೆ ಶ್ರೀನಾಥ ಮೊದಲ ಬಾರಿಗೆ ತಾನಾಗಿ ಮಾತಾಡಿದ.

"ಮೇಡಂ, ಕಳ್ಳ ಅಂತ ನನ್ನ ಹೆಸರು ಬರ್ಕೊಳ್ರಿ. ನಮ್ಮಪ್ಪ ಏನೂ ಕದ್ದಿಲ್ಲ ಅಂತಾನೂ ಒಂದು ಸಾಲು ಬರೀತೀರಾ?"

ಸತ್ತವರು ಏನೂ ಕದ್ದಿಲ್ಲ ಎಂದು ಬರೆಯುವ ಪದ್ಧತಿ ಇಲಾಖೆಯಲ್ಲಿ ಇಲ್ಲ. ಸಮತಾ ಪೆನ್ನು ತೆಗೆದುಕೊಂಡು ಅಪರಾಧದ ಕಾರಣದ ಕೆಳಗೆ ಆ ಸಾಲನ್ನೂ ಬರೆದರು.